ದೇವರನ್ನು ನಂಬುತ್ತೇನೆ, ಯಾವ ಮತದಲ್ಲೂ ಇಲ್ಲ. ಹೀಗಿರುವವರು ಕಷ್ಟದ ದಿನ ಏನು ಮಾಡುತ್ತೀರಿ?

ಒಂಟಿದೀಪ:

ಬಹಳ ದಿನದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಹುಟ್ಟಿದ ಮತ ಯಾವುದು ಅಂತ ಬೇಕಂತಲೇ ಹೇಳುತ್ತಿಲ್ಲ. ಹೇಳಿದ ಕೂಡಲೇ ಮಾತು ಆ ಮತದ ಸರಿತಪ್ಪಿನ ಕಡೆ ಹೋಗುತ್ತದೆ. ನನಗೆ ಕೇಳಬೇಕಿರುವುದು ಬೇರೆ.

ನಾನು ಜಗಳವಾಡಿ ಹೊರಬಂದವನಲ್ಲ. ಇಪ್ಪತ್ತೆರಡನೇ ವಯಸ್ಸಿನವರೆಗೆ ಎಲ್ಲ ಆಚರಣೆಗಳನ್ನೂ ಮಾಡುತ್ತಿದ್ದೆ, ಇಷ್ಟಪಟ್ಟೇ ಮಾಡುತ್ತಿದ್ದೆ. ಒಂದು ದಿನ ನಮಗೆ ಬೋಧನೆ ಮಾಡುತ್ತಿದ್ದ ಹಿರಿಯರು, ನಮ್ಮವರಲ್ಲದವರನ್ನು ದೇವರು ಸೇರಿಸಿಕೊಳ್ಳುವುದಿಲ್ಲ ಎಂದರು. ನನಗೆ ಪಕ್ಕದ ಮನೆಯ ಅಜ್ಜಿ ನೆನಪಾದರು. ಅವರು ಬೇರೆ ಮತದವರು. ಚಿಕ್ಕಂದಿನಲ್ಲಿ ನನಗೆ ಜ್ವರ ಏರಿದಾಗ ಅಮ್ಮನ ಜೊತೆ ರಾತ್ರಿಯಿಡೀ ಎದ್ದು ಕೂತಿದ್ದವರು. ದೇವರು ಅವರನ್ನು ಬಾಗಿಲಾಚೆ ನಿಲ್ಲಿಸುತ್ತಾನೆ ಅನ್ನುವುದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಆ ಮಾತನ್ನು ಬಿಟ್ಟೆ, ದೇವರನ್ನು ಬಿಡಲಿಲ್ಲ. ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ಹದಿನೈದು ವರ್ಷ ಇದರಿಂದ ಏನೂ ತೊಂದರೆ ಆಗಲಿಲ್ಲ. ಬೆಳಿಗ್ಗೆ ಎದ್ದು ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಸಿಕ್ಕಿದ್ದಕ್ಕೆ ಕೈಮುಗಿಯುತ್ತೇನೆ. ತಪ್ಪು ಮಾಡಿದ್ದರೆ ಅದನ್ನೂ ಹೇಳುತ್ತೇನೆ. ಆ ಕಡೆ ಕೇಳಿಸಿಕೊಳ್ಳುವವರು ಇದ್ದಾರೆ ಅನ್ನುವುದು ನನಗೆ ಗಟ್ಟಿ.

ಹತ್ತು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಅವರು ಕೊನೆಯವರೆಗೂ ತಮ್ಮ ಮತದಲ್ಲೇ ಇದ್ದವರು. ಎಲ್ಲವೂ ಅವರ ಕ್ರಮದಲ್ಲೇ ನಡೆಯಿತು. ಬಂದವರೆಲ್ಲ ಒಟ್ಟಿಗೆ ಒಂದು ಪ್ರಾರ್ಥನೆ ಹೇಳಿದರು. ನನಗೂ ಅದು ಬಾಯಿಪಾಠ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಹೇಳಿದರೆ ಸುಳ್ಳಾಗುತ್ತದೆ ಅನ್ನಿಸಿತು. ಹೇಳದೆ ನಿಂತರೆ ಅಮ್ಮನಿಗೆ ಮೋಸ ಮಾಡಿದಂತೆ ಅನ್ನಿಸಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನೇ ಕೂತು ನನ್ನ ರೀತಿಯಲ್ಲಿ ಪ್ರಾರ್ಥಿಸಲು ನೋಡಿದೆ. ಬಾಯಿಗೆ ಬಂದದ್ದು ಅದೇ ಹಳೆಯ ಪ್ರಾರ್ಥನೆ. ನನ್ನದು ಅಂತ ಒಂದು ಸಾಲೂ ಇರಲಿಲ್ಲ.

ಇನ್ನೆರಡು ತಿಂಗಳಿಗೆ ವರ್ಷವಾಗುತ್ತದೆ. ಆ ದಿನ ಏನು ಮಾಡಲಿ ಅಂತ ತಿಳಿಯುತ್ತಿಲ್ಲ. ನೀವು ಏನು ಮಾಡುತ್ತೀರಿ?

ನೀಲಿಆಕಾಶ:

ನಾನೂ ನಿಮ್ಮ ಹಾಗೆಯೇ. ನನ್ನ ಬಳಿ ಉತ್ತರ ಇಲ್ಲ. ಆ ತುಟಿ ಅಲುಗಿ ದನಿ ಬರದ ಮಾತು ಓದಿ ಕಣ್ಣು ತುಂಬಿತು. ಅಪ್ಪ ಹೋದಾಗ ನನಗೂ ಹಾಗೇ ಆಗಿತ್ತು.

ಪ್ರಶ್ನಾರ್ಥಕ:

ಒಂಟಿದೀಪ ಅವರೇ, ಅಮ್ಮನ ವಿಷಯ ಓದಿ ಬೇಸರವಾಯಿತು. ನಾನು ದೇವರನ್ನು ನಂಬುವುದಿಲ್ಲ. ಆದರೂ ಒಂದು ಪ್ರಶ್ನೆ ಕೇಳುತ್ತೇನೆ, ಕೆಣಕಲು ಅಲ್ಲ.

ಆ ಹಿರಿಯರ ಮಾತು ತಪ್ಪು ಅಂತ ನಿಮಗೆ ಹೇಳಿದ್ದು ನಿಮ್ಮ ಮನಸ್ಸು. ಅಂದರೆ ದೇವರು ಹೇಗಿರಬೇಕು, ಹೇಗಿರಬಾರದು ಅಂತ ಅಳೆಯುವ ಕೋಲು ನಿಮ್ಮ ಕೈಯಲ್ಲೇ ಇದೆ. ಹಾಗಿದ್ದ ಮೇಲೆ, ಬೆಳಿಗ್ಗೆ ನೀವು ಮಾತಾಡುವುದು ದೇವರ ಜೊತೆಯೋ, ನಿಮ್ಮ ಒಳ್ಳೆಯ ಮನಸ್ಸಿನ ಜೊತೆಯೋ? ಮತದೊಳಗೆ ಇರುವವರಿಗೆ ಗ್ರಂಥ ಇದೆ, ಪರಂಪರೆ ಇದೆ. ನಿಮಗೆ ಏನಿದೆ?

ನದಿದಂಡೆ:

ಪ್ರಶ್ನಾರ್ಥಕ ಅವರ ಪ್ರಶ್ನೆ ಹಳೆಯದು, ಗಟ್ಟಿಯಾದದ್ದು. ಒಂಟಿದೀಪ ಅವರೇ ಉತ್ತರಿಸಲಿ. ನಾನು ಇತಿಹಾಸ ಓದುವವನು. ಈ ದಾರಿಯಲ್ಲಿ ಮೊದಲು ನಡೆದ ಕೆಲವರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅವರ ಬದುಕಿನಲ್ಲೂ ಇದೇ ಗಂಟು ಬಿಗಿದಿತ್ತು.

1624ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹರ್ಬರ್ಟ್ ಎಂಬುವರು ಎಲ್ಲ ಮತಗಳ ಅಡಿಯಲ್ಲೂ ಐದೇ ಮಾತುಗಳಿವೆ ಎಂದು ಬರೆದರು. ದೇವರೊಬ್ಬನಿದ್ದಾನೆ. ಅವನನ್ನು ಆರಾಧಿಸಬೇಕು. ಒಳ್ಳೆಯ ನಡತೆಯೇ ಆರಾಧನೆಯ ಮುಖ್ಯ ಭಾಗ. ತಪ್ಪಿಗೆ ಪಶ್ಚಾತ್ತಾಪ ಪಡಬೇಕು. ಮಾಡಿದ್ದಕ್ಕೆ ಫಲವಿದೆ. ಯುರೋಪಿನಲ್ಲಿ ಆಗ ಮತದ ಹೆಸರಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಗ್ರಂಥ, ಪವಾಡಗಳಿಲ್ಲದೆ ಬುದ್ಧಿಯಿಂದಲೇ ದೇವರನ್ನು ಒಪ್ಪುವ, ಮುಂದೆ ಡೀಯಿಸಂ ಅಂತ ಹೆಸರಾದ ವಿಚಾರಕ್ಕೆ ಇದು ಒಂದು ಬೇರು.

ಇನ್ನು ತತ್ವಜ್ಞಾನಿ ಸ್ಪಿನೋಜ. 1656ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯೆಹೂದಿ ಸಮುದಾಯ ಅವರನ್ನು ಹೊರಹಾಕಿತು. ಆಗ ಅವರಿಗೆ 23 ವರ್ಷ. ಯಾರೂ ಅವರ ಜೊತೆ ಮಾತಾಡಬಾರದು, ಅವರು ಬರೆದದ್ದನ್ನು ಓದಬಾರದು ಎಂಬ ಕಟ್ಟಪ್ಪಣೆ. ಅವರು ಮರಳಲಿಲ್ಲ, ಬೇರೆ ಮತಕ್ಕೂ ಸೇರಲಿಲ್ಲ. ಮಸೂರ ಉಜ್ಜುವ ಕೆಲಸ ಮಾಡಿಕೊಂಡು 44ನೇ ವಯಸ್ಸಿಗೆ ತೀರಿಕೊಂಡರು. ದೇವರನ್ನು ಬಿಟ್ಟು ಅವರು ಏನನ್ನೂ ಯೋಚಿಸಲಿಲ್ಲ ಅಂದರೂ ತಪ್ಪಲ್ಲ. ಆದರೆ ಅವರ ದೇವರು ಪ್ರಕೃತಿಯೇ ಆದ ದೇವರು, ಪ್ರಾರ್ಥನೆ ಕೇಳುವವನಲ್ಲ. 1929ರಲ್ಲಿ ಐನ್‌ಸ್ಟೈನ್ ತಾನು ನಂಬುವುದು ಸ್ಪಿನೋಜನ ದೇವರನ್ನು ಅಂದಾಗ ಅರ್ಥ ಇದೇ ಆಗಿತ್ತು. ಒಂಟಿದೀಪ ಅವರ ದೇವರು ಬೇರೆ. ಅವನು ಕೇಳಿಸಿಕೊಳ್ಳುತ್ತಾನೆ. ಹೊರಗಿರುವವರೆಲ್ಲರ ದೇವರೂ ಒಂದೇ ಅಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ.

ನನ್ನನ್ನು ಜಾಸ್ತಿ ಕಾಡುವವರು ಥಾಮಸ್ ಪೇನ್. ಅಮೆರಿಕದ ಸ್ವಾತಂತ್ರ್ಯಕ್ಕೆ ಜನರನ್ನು ಎಬ್ಬಿಸಿದ ಬರಹಗಾರ. ಒಬ್ಬ ದೇವರನ್ನು ನಂಬುತ್ತೇನೆ, ನನ್ನ ಮನಸ್ಸೇ ನನ್ನ ಚರ್ಚು ಎಂದು 1794ರಲ್ಲಿ ಬರೆದರು. ಅದಕ್ಕೆ ಹಳೆಯ ಗೆಳೆಯರೂ ದೂರವಾದರು. ಅವರ ತಂದೆ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕ್ವೇಕರರ ಸ್ಮಶಾನದಲ್ಲಿ ತನ್ನನ್ನು ಹೂಳಬೇಕು ಅಂತ ಪೇನ್ ಕೊನೆಗಾಲದಲ್ಲಿ ಕೇಳಿಕೊಂಡರು. ಒಪ್ಪಿಗೆ ಸಿಗಲಿಲ್ಲ. 1809ರಲ್ಲಿ ಅವರ ಹೊಲದಲ್ಲೇ ಹೂಳಿದರು, ಬೆರಳೆಣಿಕೆಯ ಜನ ಬಂದಿದ್ದರು. ಮನಸ್ಸೇ ಚರ್ಚು ಅಂದವರಿಗೂ ಕೊನೆಗೆ ಯಾರದಾದರೂ ಪಕ್ಕದಲ್ಲಿ ಮಲಗಬೇಕು ಅನ್ನಿಸಿತ್ತು. ಒಂಟಿದೀಪ ಅವರ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಹಳೇಹಾದಿ:

ನಾನು ಮತದ ಒಳಗೇ ಇರುವವನು, ಅರವತ್ತು ದಾಟಿದೆ. ಮಾತಾಡಲು ಅವಕಾಶ ಕೊಡಿ.

ಆ ಹಿರಿಯರು ಆಡಿದ ಮಾತಿಗೆ ನನಗೆ ನೋವಿದೆ. ಒಳಗಿರುವ ನಾವೆಲ್ಲರೂ ಹಾಗೆ ನಂಬಿಲ್ಲ. ಆದರೆ ಆ ಹೊತ್ತಿಗೆ ಯಾರೂ ಎದ್ದು ನಿಂತು ಅಲ್ಲ ಎನ್ನಲಿಲ್ಲ. ಅದು ನಮ್ಮ ತಪ್ಪು. ನೀವು ಹೋಗಿದ್ದಕ್ಕೆ ನಾವೂ ಕಾರಣ.

ನನ್ನ ಹೆಂಡತಿ ತೀರಿಕೊಂಡ ವರ್ಷ ನನಗೆ ದೇವರ ಮೇಲೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಆದರೂ ಹೋಗಿ ಕೂರುತ್ತಿದ್ದೆ. ಅಕ್ಕಪಕ್ಕದವರು ಪ್ರಾರ್ಥನೆ ಹೇಳುತ್ತಿದ್ದರು, ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಸುಮಾರು ಎಂಟು ತಿಂಗಳು ಹೀಗೆ ನಡೆಯಿತು. ನನ್ನ ಪಾಲಿನ ನಂಬಿಕೆಯನ್ನು ಅವರು ಹೊತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಒಬ್ಬನೇ ಇದ್ದಿದ್ದರೆ ನನ್ನ ದೇವರು ಆ ವರ್ಷವೇ ಮುಗಿದುಹೋಗುತ್ತಿದ್ದ.

ಒಂಟಿದೀಪ ಅವರೇ, ನೀವು ಆ ದಿನ ದನಿ ಎತ್ತದೆ ನಿಂತದ್ದು ಮೋಸ ಅಲ್ಲ. ಅಮ್ಮನ ಮುಂದೆ ಸುಳ್ಳು ಆಡಬಾರದು ಅಂತ ನಿಂತಿರಿ. ತಾಯಂದಿರಿಗೆ ಅದು ಅರ್ಥವಾಗುತ್ತದೆ.

ಪದಪ್ರೇಮಿ:

ಎರಡು ಪದಗಳ ವಿಷಯ ಹೇಳಬೇಕು.

ಕನ್ನಡದಲ್ಲಿ ಮತ ಅಂದರೆ ಅಭಿಪ್ರಾಯ ಅಂತಲೂ ಅರ್ಥ. ಚುನಾವಣೆಯಲ್ಲಿ ಹಾಕುವುದೂ ಅದನ್ನೇ. ನಂಬು ಅನ್ನುವುದು ಹಾಗಲ್ಲ. ನಿನ್ನನ್ನೇ ನಂಬಿಕೊಂಡಿದ್ದೇನೆ ಅಂತ ಒಬ್ಬರಿಗೆ ಹೇಳಿದರೆ, ನೀನು ಇದ್ದೀಯ ಅನ್ನುವುದನ್ನು ಒಪ್ಪುತ್ತೇನೆ ಅಂತ ಅರ್ಥವಲ್ಲ. ನಿನ್ನ ಮೇಲೆ ಭಾರ ಹಾಕಿದ್ದೇನೆ ಅಂತ. ಹಾಗಾಗಿ ಮತ ಬಿಟ್ಟು ನಂಬಿಕೆ ಉಳಿಯಬಹುದು. ಒಂದು ತಲೆಯ ಕೆಲಸ, ಇನ್ನೊಂದು ಬೆನ್ನು ಒರಗಿಸುವ ಕೆಲಸ.

ಇನ್ನು ಆಸ್ತಿಕ. ಇವತ್ತು ದೇವರನ್ನು ನಂಬುವವರು ಅಂತ ಬಳಸುತ್ತೇವೆ. ಹಳೆಯ ದರ್ಶನಗಳ ಲೆಕ್ಕದಲ್ಲಿ ವೇದವನ್ನು ಪ್ರಮಾಣ ಅಂತ ಒಪ್ಪಿದವರು ಆಸ್ತಿಕರು. ಸೃಷ್ಟಿ ಮಾಡುವ ದೇವರು ಬೇಕೇ ಇಲ್ಲ ಎಂದ ಸಾಂಖ್ಯರು ಆ ಲೆಕ್ಕದಲ್ಲಿ ಆಸ್ತಿಕರು. ನಮ್ಮ ಒಂಟಿದೀಪ ಅವರು ದಿನಾ ದೇವರ ಜೊತೆ ಮಾತಾಡಿದರೂ ಗ್ರಂಥ ಒಪ್ಪದಿದ್ದರೆ ನಾಸ್ತಿಕರಾಗುತ್ತಿದ್ದರು! ನಂಬುವುದು ಒಂದು, ಸೇರುವುದು ಇನ್ನೊಂದು ಅನ್ನುವುದು ಹೊಸ ಕಾಲದ ಮಾತೇನಲ್ಲ.

ಮತ್ತೆ, ನನ್ನದು ಅಂತ ಒಂದು ಸಾಲೂ ಇರಲಿಲ್ಲ ಅಂದಿರಲ್ಲ. ಕನ್ನಡವನ್ನೂ ನಾವು ಯಾರೂ ಮಾಡಿಲ್ಲ. ಅಮ್ಮಂದಿರ ಬಾಯಿಂದ ಬಂದದ್ದು. ಆದರೂ ಅದರಲ್ಲೇ ನಮ್ಮ ನಿಜ ಹೇಳಿಕೊಳ್ಳುತ್ತೇವೆ. ಆ ರಾತ್ರಿ ಬಂದ ಪ್ರಾರ್ಥನೆ ಮತದ್ದು ಅಂತ ಯಾಕೆ ಅಂದುಕೊಳ್ಳುತ್ತೀರಿ? ಅಮ್ಮನದು ಇರಬಹುದು.

ಒಂಟಿದೀಪ:

ಪದಪ್ರೇಮಿ ಅವರೇ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಅದನ್ನು ನನಗೆ ಹೇಳಿಕೊಟ್ಟಿದ್ದು ನಿಜಕ್ಕೂ ಅಮ್ಮನೇ. ಇಷ್ಟು ದಿನ ಅದು ಹೊಳೆದಿರಲಿಲ್ಲ.

ಹಳೇಹಾದಿ ಅವರೇ, ಒಳಗಿನಿಂದ ಯಾರಾದರೂ ಆ ಮಾತಿಗೆ ನೋವಿದೆ ಅಂದದ್ದು ಇದೇ ಮೊದಲು. ನಿಮ್ಮ ಎಂಟು ತಿಂಗಳ ವಿಷಯವನ್ನು ಎರಡು ಸಲ ಓದಿದೆ.

ಪ್ರಶ್ನಾರ್ಥಕ ಅವರೇ, ನನ್ನ ಬಳಿ ಪುರಾವೆ ಇಲ್ಲ. ಆದರೆ ಒಂದು ಸಂಗತಿ ಹೇಳುತ್ತೇನೆ. ಆರು ವರ್ಷದ ಹಿಂದೆ ಅಣ್ಣನ ಜೊತೆ ಆಸ್ತಿ ವಿಷಯಕ್ಕೆ ಮಾತು ಬಿಟ್ಟಿದ್ದೆ. ನ್ಯಾಯ ನನ್ನ ಕಡೆ ಇತ್ತು, ಈಗಲೂ ಹಾಗೇ ಅಂದುಕೊಂಡಿದ್ದೇನೆ. ಬೆಳಿಗ್ಗೆ ಕೂತರೆ ಕೂರಲು ಆಗುತ್ತಿರಲಿಲ್ಲ. ಅವನಿಗೆ ಫೋನ್ ಮಾಡು ಅನ್ನುವುದೊಂದೇ ಬರುತ್ತಿತ್ತು. ಮೂರು ವಾರ ಕೂರುವುದನ್ನೇ ಬಿಟ್ಟೆ, ಅದನ್ನು ತಪ್ಪಿಸಿಕೊಳ್ಳಲು. ನನ್ನ ಮನಸ್ಸು ಕಟ್ಟಿದ ದೇವರಾಗಿದ್ದರೆ ನನ್ನ ಪರ ಇರುತ್ತಿದ್ದ ಅಲ್ವಾ? ಕೊನೆಗೆ ಫೋನ್ ಮಾಡಿದೆ.

ಪ್ರಶ್ನಾರ್ಥಕ:

ಅದನ್ನು ನಾನು ಅಂತಃಸಾಕ್ಷಿ ಅನ್ನುತ್ತೇನೆ. ನನಗೂ ಅದು ನಿದ್ದೆ ಕೆಡಿಸಿದೆ. ದೇವರಿಲ್ಲದವರಿಗೂ ಅದು ಬರುತ್ತದೆ, ಆದ್ದರಿಂದ ನಿಮ್ಮ ಉತ್ತರ ನನ್ನನ್ನು ಒಪ್ಪಿಸಲಿಲ್ಲ. ಆದರೆ ಮೂರು ವಾರ ದೇವರಿಂದ ತಪ್ಪಿಸಿಕೊಂಡು ಓಡಾಡಿದ್ದನ್ನು ಹೇಳಿದಿರಲ್ಲ, ಅದು ನಿಮಗೆ ಎಷ್ಟು ನಿಜ ಅನ್ನುವುದು ಗೊತ್ತಾಯಿತು. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ವಂದನೆ.

ಕಲ್ಲುಬಂಡೆ:

ನನಗೆ ಕಟುವಾಗಿ ಹೇಳಬೇಕು ಅನ್ನಿಸುತ್ತಿದೆ, ಕ್ಷಮಿಸಿ. ದೇವರು ಬೇಕು, ಜವಾಬ್ದಾರಿ ಬೇಡ ಅನ್ನುವ ಹಾಗಿದೆ ಇದು. ನೂರಾರು ವರ್ಷ ಜನ ಸೇರಿ ಕಟ್ಟಿದ್ದನ್ನೇ ಹೊರಗೆ ನಿಂತು ಬೈಯುತ್ತೀರಿ. ಸಾವು ಬಂದಾಗ ಅವರೇ ಬಂದು ಹೆಗಲು ಕೊಡಬೇಕು. ಮತದೊಳಗೆ ಇರುವವರು ತಮಗೆ ಹಿಡಿಸದವರ ಪಕ್ಕದಲ್ಲೂ ಕೂರುತ್ತಾರೆ, ಕಾಯಿಲೆಯವರನ್ನು ನೋಡಲು ಹೋಗುತ್ತಾರೆ, ಚಂದಾ ಕೊಡುತ್ತಾರೆ. ಒಬ್ಬರೇ ಕೂತು ಹತ್ತು ನಿಮಿಷ ಕಣ್ಣು ಮುಚ್ಚುವುದು ಸುಲಭ.

ನೀಲಿಆಕಾಶ:

ಸುಲಭ ಅಂತ ಹೇಗೆ ಹೇಳುತ್ತೀರಿ? ಅವರು ಬೈದೂ ಇಲ್ಲ. ಇನ್ನೊಮ್ಮೆ ಓದಿ.

ಮರಳಿಬಂದವಳು:

ಕಲ್ಲುಬಂಡೆ ಅವರ ದನಿ ಗಡಸು, ಆದರೆ ಒಳಗಿನ ಮಾತಿನಲ್ಲಿ ಸ್ವಲ್ಪ ನಿಜವಿದೆ. ನಾನು ಹನ್ನೊಂದು ವರ್ಷ ಹೊರಗಿದ್ದು ಮರಳಿದವಳು.

ಯಾವ ವಾದಕ್ಕೂ ಸೋತು ಮರಳಿದ್ದಲ್ಲ. ನನ್ನ ದೇವರು ವರ್ಷದಿಂದ ವರ್ಷಕ್ಕೆ ನನ್ನ ಹಾಗೇ ಆಗುತ್ತಿದ್ದ. ನನಗೆ ಇಷ್ಟವಾದದ್ದು ಅವನಿಗೂ ಇಷ್ಟ. ನಾನು ಕ್ಷಮಿಸದವರನ್ನು ಅವನೂ ಕ್ಷಮಿಸುತ್ತಿರಲಿಲ್ಲ. ಒಂಟಿದೀಪ ಅವರ ಅಣ್ಣನ ಪ್ರಸಂಗದಂಥದ್ದು ನನಗೆ ಒಮ್ಮೆಯೂ ಆಗಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ ಮತ್ತು ಸಂಗಡಿಗರು 1985ರಲ್ಲಿ ಒಬ್ಬ ನರ್ಸ್ ಬಗ್ಗೆ ಬರೆದರು. ಆಕೆ ದೇವರನ್ನು ನಂಬುತ್ತಿದ್ದರು, ಚರ್ಚಿಗೆ ಹೋಗುತ್ತಿರಲಿಲ್ಲ, ತನ್ನ ನಂಬಿಕೆಗೆ ತನ್ನ ಹೆಸರನ್ನೇ ಇಟ್ಟುಕೊಂಡಿದ್ದರು. ಅದನ್ನು ಓದಿದಾಗ ನನ್ನ ಮುಖವನ್ನೇ ಕನ್ನಡಿಯಲ್ಲಿ ಕಂಡ ಹಾಗಾಯಿತು.

ಈಗ ನಾನು ಕೂರುವ ಕಡೆ ನನ್ನ ಪಕ್ಕದಲ್ಲಿ ಕೂರುವ ಹೆಂಗಸು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಪ್ರತಿ ವಾರ ಅವರಿಗೆ ಜಾಗ ಬಿಡುತ್ತೇನೆ. ನನಗೆ ಬೇಕಾಗಿದ್ದು ಅದೇ ಅಭ್ಯಾಸ ಇರಬೇಕು. ಎಲ್ಲರೂ ಮರಳಬೇಕು ಅಂತ ಹೇಳುತ್ತಿಲ್ಲ. ಹೊರಗಿರುವವರ ಬದುಕಿನಲ್ಲೂ ತಮ್ಮನ್ನು ತಡೆಯುವವರು, ತಿದ್ದುವವರು ಒಬ್ಬರಾದರೂ ಇರಲಿ.

ಮುಂಜಾವು:

ನನ್ನ ಪ್ರಶ್ನೆ ಮಕ್ಕಳದು. ನಾನು, ನನ್ನ ಗಂಡ ಬೇರೆ ಬೇರೆ ಮತಗಳಲ್ಲಿ ಹುಟ್ಟಿದವರು, ಈಗ ಇಬ್ಬರೂ ಯಾವುದರಲ್ಲೂ ಇಲ್ಲ, ಇಬ್ಬರಿಗೂ ದೇವರಿದ್ದಾನೆ. ಅರ್ಜಿಗಳಲ್ಲಿ ಧರ್ಮ ಅಂತ ಇರುವ ಕಡೆ ಖಾಲಿ ಬಿಡುತ್ತೇವೆ. ಏಳು ವರ್ಷದ ಮಗಳು ಒಂದು ರಾತ್ರಿ ಕೇಳಿದಳು: "ಅಮ್ಮಾ, ನಾವು ಯಾರು ಅಂತ ದೇವರಿಗೆ ಗೊತ್ತಾಗುತ್ತಾ?" ಎಲ್ಲರಿಗೂ ಒಂದೊಂದು ಹೆಸರಿದೆ, ನಮಗೆ ಇಲ್ಲ, ಹಾಗಾದರೆ ದೇವರು ನಮ್ಮನ್ನು ಹೇಗೆ ಹುಡುಕುತ್ತಾನೆ ಅನ್ನುವುದು ಅವಳ ಚಿಂತೆ. ನಿನ್ನ ಹೆಸರೇ ಗೊತ್ತಲ್ಲ, ಅಷ್ಟು ಸಾಕು ಅಂದೆ. ಅವಳು ಮಲಗಿದಳು, ನನಗೆ ನಿದ್ದೆ ಬರಲಿಲ್ಲ.

ದೇವರಿದ್ದಾನೆ ಅಂತ ಸುಮ್ನೆ ಹೇಳಿದರೆ ಮಗುವಿಗೆ ಅದು ಬರೀ ಒಂದು ಪದ. ಕಥೆ ಬೇಕು. ಎಲ್ಲ ಕಥೆಗಳೂ ಯಾವುದೋ ಮತದ ಮನೆಯಲ್ಲೇ ಇವೆ. ನಾವು ಎರಡೂ ಮನೆಯ ಕಥೆಗಳನ್ನು ಹೇಳುತ್ತೇವೆ, ಯಾವ ಮನೆಯದು ಅನ್ನುವುದನ್ನೂ ಮುಚ್ಚಿಡದೆ ಹೇಳುತ್ತೇವೆ. ಇದು ಸರಿಯೋ ಗೊತ್ತಿಲ್ಲ. ಬೆಳೆದು ಅವಳು ಒಂದು ಮನೆಗೆ ಸೇರುತ್ತೇನೆ ಅಂದರೆ ಬೇಡ ಅನ್ನಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಹಳೇಹಾದಿ:

ಮುಂಜಾವು ಅವರೇ, ಆ ಉತ್ತರ ಬಹಳ ಒಳ್ಳೆಯದಾಯಿತಮ್ಮ. ಕಥೆ ಹೇಳುವುದನ್ನು ನಿಲ್ಲಿಸಬೇಡಿ.

ನದಿದಂಡೆ:

ಮರಳಿಬಂದವಳು ಅವರ ಮಾತಿಗೆ ಎದುರಾಗಿ ಒಬ್ಬರನ್ನು ತರುತ್ತೇನೆ. ಸಿಮೋನ್ ವೇ, ಫ್ರಾನ್ಸಿನ ಚಿಂತಕಿ. 1909ರಲ್ಲಿ ಯೆಹೂದಿ ಮನೆಯಲ್ಲಿ ಹುಟ್ಟಿ, ಕ್ರಿಸ್ತನಲ್ಲಿ ಗಾಢ ನಂಬಿಕೆ ಬೆಳೆಸಿಕೊಂಡವರು. ಆದರೂ ದೀಕ್ಷಾಸ್ನಾನಕ್ಕೆ ಮುಂದಾಗದೆ ವರ್ಷಗಟ್ಟಲೆ ಚರ್ಚಿನ ಹೊಸ್ತಿಲಲ್ಲೇ ಉಳಿದರು. ಅವರಿಗೆ ಒಬ್ಬ ಪಾದ್ರಿ ಸ್ನೇಹಿತರಿದ್ದರು, ಆ ಪಾದ್ರಿಗೆ ಕಾರಣಗಳನ್ನು ಪತ್ರಗಳಲ್ಲಿ ಬರೆದರು. ಹೊರಗೆ ಅಷ್ಟೊಂದು ಜನ ಇರುವಾಗ ಅವರಿಂದ ಬೇರೆಯಾಗಿ ಒಳಗೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಇದನ್ನು ಸುಲಭದ ದಾರಿ ಅನ್ನಲು ಆಗುವುದಿಲ್ಲ ಕಲ್ಲುಬಂಡೆ ಅವರೇ. ಒಂಟಿದೀಪ ಅವರೂ ಹೊರಬಂದದ್ದು ತನ್ನ ಅನುಕೂಲಕ್ಕಲ್ಲ, ಒಬ್ಬ ಅಜ್ಜಿಯ ಸಲುವಾಗಿ.

ಇಂಥವರು ಕಡಿಮೆ ಜನವೂ ಅಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ ಇದಕ್ಕೆ, ಸೇರದೆ ನಂಬುವುದು ಅನ್ನುವ ಅರ್ಥದ ಹೆಸರನ್ನು 1994ರಲ್ಲಿ ಪ್ರಚಾರಕ್ಕೆ ತಂದರು. ಅಮೆರಿಕದಲ್ಲಿ ಪ್ಯೂ ಸಂಸ್ಥೆ 2012ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರು ತಾವು ಯಾವ ಮತಕ್ಕೂ ಸೇರಿಲ್ಲ ಅಂದರು. ಅವರಲ್ಲಿ ಶೇಕಡ 68 ಜನ ದೇವರನ್ನು ನಂಬುತ್ತೇವೆ ಎಂದೂ ಹೇಳಿದರು.

ನೀಲಿಆಕಾಶ:

ಇಷ್ಟು ಜನ ಇದ್ದರೆ ನಾವೇ ಯಾಕೆ ಒಂದು ಗುಂಪು ಮಾಡಿಕೊಳ್ಳಬಾರದು? ವಾರಕ್ಕೊಮ್ಮೆ ಸೇರುವುದು. ಯಾರ ಗ್ರಂಥವೂ ಬೇಡ.

ನದಿದಂಡೆ:

ಆಸೆ ನನಗೂ ಇದೆ, ಭಯವೂ ಇದೆ. ರಾಮಮೋಹನ ರಾಯರು 1828ರಲ್ಲಿ ಬ್ರಹ್ಮ ಸಮಾಜ ಶುರು ಮಾಡಿದ್ದು ನಿರಾಕಾರ ದೇವರೊಬ್ಬನನ್ನು ಎಲ್ಲರೂ ಸೇರಿ ಆರಾಧಿಸಲಿ ಅಂತ. 1866ರಲ್ಲಿ ಅದು ಎರಡಾಯಿತು, 1878ರಲ್ಲಿ ಮತ್ತೆ ಒಡೆಯಿತು. ಫ್ರಾನ್ಸಿನಲ್ಲಿ ಕ್ರಾಂತಿಯ ಮುಖಂಡ ರೋಬ್ಸ್‌ಪಿಯರ್ 1794ರ ಜೂನ್ 8ರಂದು ಪರಮಾತ್ಮನ ಹೆಸರಿನಲ್ಲಿ ಸರ್ಕಾರಿ ಉತ್ಸವವನ್ನೇ ಮಾಡಿಸಿದರು, ಯಾವ ಚರ್ಚಿಗೂ ಸೇರದ ದೇವರಿಗೆ. ಎರಡು ತಿಂಗಳೊಳಗೆ ಅವರ ತಲೆಯೂ ಹೋಯಿತು, ಆ ಪಂಥವೂ ಹೋಯಿತು. ಮೇಲಿನಿಂದ ಹೇರಿದ್ದು ನಿಲ್ಲುವುದಿಲ್ಲ.

ಪದಪ್ರೇಮಿ:

ಹಾಗಂತ ಒಂಟಿಯಾಗಿಯೇ ಇರಬೇಕಾ? ಬಸವಣ್ಣನವರು 12ನೇ ಶತಮಾನದಲ್ಲಿ ದೇಹವೇ ದೇಗುಲ ಎಂದರು. ಆದರೆ ದೇಗುಲ ತನ್ನೊಳಗೇ ಇದೆ ಅಂತ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಶರಣರು ಬೇರೆ ಬೇರೆ ಕಸುಬಿನವರು, ಹೆಂಗಸರು ಗಂಡಸರು, ತಮ್ಮ ಅನುಭವವನ್ನು ಒಬ್ಬರೊಬ್ಬರ ಮುಂದೆ ಇಟ್ಟರು. ವಚನಗಳಲ್ಲಿ ಒಬ್ಬರನ್ನೊಬ್ಬರು ಹೊಗಳಿದ್ದಾರೆ, ಕಟುವಾಗಿ ಪ್ರಶ್ನಿಸಿಯೂ ಇದ್ದಾರೆ. ಮರಳಿಬಂದವಳು ಅವರು ಕೇಳಿದ ತಿದ್ದುವವರು ಅಲ್ಲಿದ್ದರು. ಮುಂದೆ ಅದರ ಸುತ್ತಲೂ ಮಠ, ಮತ ಎಲ್ಲ ಬೆಳೆದವು ನಿಜ. ಆದರೂ ಮೊದಲು ಸೇರಿ ಕೂತದ್ದು ತಪ್ಪಾಗಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಕಲ್ಲುಬಂಡೆ:

ನೀಲಿಆಕಾಶ ಅವರು ಹೇಳಿದ ಮೇಲೆ ಮೊದಲ ಬರಹ ಮತ್ತೆ ಓದಿದೆ. ಬೈಯುತ್ತೀರಿ ಅಂದದ್ದು ನನ್ನ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೆಗಲು ಕೊಡುವ ಮಾತು ಮಾತ್ರ ಹಾಗೇ ಇರಲಿ. ಅದಕ್ಕೆ ನಿಮ್ಮ ಉತ್ತರ ಬೇಕು.

ಒಂಟಿದೀಪ:

ಕಲ್ಲುಬಂಡೆ ಅವರೇ, ಆ ಮಾತು ನನಗೆ ನಾಟಿದೆ. ಅಮ್ಮನಿಗೆ ಹೆಗಲು ಕೊಟ್ಟವರಲ್ಲಿ ನಾನು ಹದಿನೈದು ವರ್ಷ ಮುಖ ನೋಡದವರೂ ಇದ್ದರು. ಅವರಲ್ಲಿ ಇಬ್ಬರ ಮನೆಯಲ್ಲಿ ಆಮೇಲೆ ಸಾವಾಯಿತು. ನಾನು ಹೋಗಲಿಲ್ಲ. ಅವರ ಆಚರಣೆ ನನ್ನದಲ್ಲ, ಹೋಗಿ ಏನು ಮಾಡಲಿ ಅಂತ ಅಂದುಕೊಂಡೆ. ಅದು ನಂಬಿಕೆಯ ವಿಷಯವೇ ಆಗಿರಲಿಲ್ಲ, ಈಗ ಗೊತ್ತಾಗುತ್ತಿದೆ. ಹೋಗಿ ಸುಮ್ನೆ ನಿಂತಿರಬಹುದಿತ್ತು. ಈ ವಾರ ಇಬ್ಬರ ಮನೆಗೂ ಹೋಗಿ ಬರುತ್ತೇನೆ.

ವರ್ಷದ ದಿನದ ಬಗ್ಗೆ ಅಣ್ಣನ ಜೊತೆ ನಿನ್ನೆ ಮಾತಾಡಿದೆ. ಅವನು ಮತದೊಳಗೇ ಇರುವವನು. ಅವನು ಆ ಪ್ರಾರ್ಥನೆ ಹೇಳುತ್ತಾನೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ, ಎಲ್ಲರೂ ಸುಮ್ಮನೆ ಕೂರೋಣ ಅಂತ ಕೇಳಿಕೊಂಡೆ. ಅವನು ತಕ್ಷಣ ಒಪ್ಪಿದ. ಪಕ್ಕದ ಮನೆಯ ಅಜ್ಜಿ ಈಗಿಲ್ಲ, ಅವರ ಮಗಳನ್ನು ಕರೆದಿದ್ದೇನೆ. ಪ್ರಾರ್ಥನೆ ಹೇಳುವಾಗ ನನ್ನ ದನಿ ಬಂದರೆ ತಡೆಯುವುದಿಲ್ಲ. ಬರದಿದ್ದರೆ ಎಳೆದು ತರುವುದಿಲ್ಲ.

ಹಳೇಹಾದಿ:

ಎಷ್ಟು ಹೊತ್ತಿಗೆ ಅಂತ ಹೇಳಿ. ನಾನಿರುವಲ್ಲಿಯೇ ಕೂರುತ್ತೇನೆ.

ಒಂಟಿದೀಪ:

ಬೆಳಿಗ್ಗೆ ಆರಕ್ಕೆ. ಅಮ್ಮ ಏಳುತ್ತಿದ್ದ ಹೊತ್ತು.

ಮುಂಜಾವು:

ನಾವು ಮೂವರೂ ಕೂರುತ್ತೇವೆ. ಮಗಳಿಗೆ ನಿಮ್ಮ ಅಮ್ಮನ ವಿಷಯ ಹೇಳಿದೆ.

ಪ್ರಶ್ನಾರ್ಥಕ:

ನನಗೆ ಪ್ರಾರ್ಥನೆ ಬರುವುದಿಲ್ಲ. ಆರಕ್ಕೆ ಎದ್ದಿರುತ್ತೇನೆ.